ಕ್ಲಚ್ಚು ಬಿಡುವ ಕಾಲು, ಬೈಯುವ ಬಾಯಿ

ಇವತ್ತಿನ ಪ್ರವಚನದಲ್ಲಿ ಮಾತಿನ ಬಗ್ಗೆ ಹೇಳಬೇಕು. ಆದರೆ ಮಾತಿನ ಬಗ್ಗೆ ಎಷ್ಟು ಮಾತಾಡಿದರೂ ಅದು ತಲೆಗೆ ಇಳಿಯುವುದಿಲ್ಲ, ನನ್ನ ತಲೆಗೂ ಅಷ್ಟೇ. ಅದಕ್ಕೇ ಒಂದು ಕಥೆ ಹೇಳಿಬಿಡುತ್ತೇನೆ. ಹಿಂದೆ ಕಂಬಕ್ಕೆ ಒರಗಿದ ತಾಯಂದಿರೇ, ಸ್ವಲ್ಪ ಮುಂದೆ ಸರಿದು ಕೂತುಕೊಳ್ಳಿ. ಫೋನು ನೋಡುತ್ತಿರುವ ಅಣ್ಣಂದಿರೇ, ಅದನ್ನು ಜೇಬಿಗೆ ಹಾಕಿ. ಕಥೆ ನಿಮ್ಮದೇ.

ಒಂದು ಊರು ಎಂದು ಇಟ್ಟುಕೊಳ್ಳಿ, ಅಲ್ಲೊಬ್ಬ ಸಾಹುಕಾರ. ಹೆಸರು ಕೇಳಬೇಡಿ. ಹೇಳಿದರೆ ಪ್ರಸಾದಕ್ಕೆ ಕೂತಾಗ "ಅವರು ನಮ್ಮ ಬೀಗರ ಪೈಕಿ ಅಲ್ಲೇನ್ರೀ?" ಎಂದು ಶುರು ಮಾಡುತ್ತೀರಿ. ಎಣ್ಣೆ ಮಿಲ್ಲು ಇತ್ತು, ದೊಡ್ಡ ಮನೆ ಇತ್ತು, ಮನೆ ಮುಂದೆ ಬಿಳಿ ಕಾರು ಇತ್ತು. ಮನಸ್ಸು ಕೆಟ್ಟದ್ದಲ್ಲ ನೋಡಿ. ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ಆದರೆ ಬಾಯಿ! ಅಬ್ಬಬ್ಬಾ, ಆ ಬಾಯಿ! ಉಪ್ಪಿಟ್ಟಿಗೆ ಉಪ್ಪು ಕಮ್ಮಿಯಾದರೆ ಬೈಗುಳ, ಜಾಸ್ತಿಯಾದರೆ ಬೈಗುಳ, ಸರಿಯಾಗಿದ್ದರೆ ಉಪ್ಪಿಟ್ಟು ಯಾಕೆ ಮಾಡಿದೆ ಎಂದು ಬೈಗುಳ. ನಗುತ್ತೀರಿ? ನಗಿ, ನಗಿ. ಪಕ್ಕದಲ್ಲಿ ಕೂತ ನಿಮ್ಮ ಮನೆಯವರು ನಗುತ್ತಿದ್ದಾರಾ, ಅದನ್ನೂ ಸ್ವಲ್ಪ ನೋಡಿ.

ಈ ಸಾಹುಕಾರನಿಗೆ ಕಾರೆಂದರೆ ಪ್ರಾಣ. ತಾನೇ ಓಡಿಸುತ್ತಿದ್ದ. ಡ್ರೈವರುಗಳನ್ನು ಇಟ್ಟುಕೊಂಡೂ ನೋಡಿದ್ದ, ಅವನ ಬಾಯಿಗೆ ಯಾರೂ ನಿಲ್ಲಲಿಲ್ಲ. ಹೀಗಿರುವಾಗ ಶುಗರು ಕಣ್ಣಿಗೆ ಇಳಿಯಿತು. ಎದುರಿನ ಗಾಡಿ ಎರಡೆರಡಾಗಿ ಕಾಣತೊಡಗಿತು. ಡಾಕ್ಟರು ಖಡಾಖಂಡಿತ ಹೇಳಿಬಿಟ್ಟರು, ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದು. ಆ ದಿನ ಕೀಲಿಕೈ ಹಿಡಿದುಕೊಂಡು ಕಾರಿನ ಮುಂದೆ ನಿಂತ ಸಾಹುಕಾರನಿಗೆ ನಿಜವಾಗಿಯೂ ಅಳು ಬಂತು. ಗಂಡಸು, ಸಾಹುಕಾರ, ಅಳುವುದು ಹೇಗೆ? ಕಾರು ತೊಳೆಯುತ್ತಿದ್ದ ಆಳನ್ನು ಬೈದು ಒಳಗೆ ಹೋದ.

ಅವನ ಹೆಂಡತಿ ತಟ್ಟೆಗೆ ರೊಟ್ಟಿ ಹಾಕುತ್ತಾ ಮೆಲ್ಲಗೆ ಹೇಳಿದಳು, "ನಾ ಕಲೀತೀನ್ರಿ."

"ಏನ್ ಕಲೀತಿ?"

"ಗಾಡಿ ಹೊಡ್ಯೂದು."

ಸಾಹುಕಾರನಿಗೆ ನಗು ತಡೆಯಲಾಗಲಿಲ್ಲ. "ಮಿಕ್ಸರ್ ಚಾಲೂ ಮಾಡಾಕ ಅಂಜತಿ, ನೀ ಗಾಡಿ ಹೊಡೀತಿಯಾ?"

"ಮಿಕ್ಸರ್ ಭಾಳ ಒದರತೈತ್ರಿ, ಅದಕ್ಕ ಅಂಜತೀನಿ," ಎಂದಳು ಆಕೆ. "ಗಾಡಿ ಹಂಗೇನ್ ಒದರೂದಿಲ್ಲ."

ಕಲಿತಳು ಮಾರಾಯರೇ! ಊರಲ್ಲೊಂದು ಡ್ರೈವಿಂಗ್ ಸ್ಕೂಲು. ಅದರ ಮಾಸ್ತರು ಬೆಳಗಿನ ಹೊತ್ತು ಬಯಲಿಗೆ ಕರೆದುಕೊಂಡು ಹೋಗಿ ಕಲಿಸಿದರು. ಗೇರಿಲ್ಲದ ಕಾರುಗಳೂ ಬಂದಿವೆ, ಅವು ಸುಲಭ ಎಂದು ಮಾಸ್ತರು ಹೇಳಿದ್ದುಂಟು. ಸಾಹುಕಾರ ಒಪ್ಪಲಿಲ್ಲ. "ನಮ್ಮನ್ಯಾಗ ಇರೂದು ಗೇರಿನ ಗಾಡಿ. ಕಲಿಯೂದಿದ್ರ ಅದನ್ನ ಕಲೀಲಿ."

ಗೇರಿನ ಗಾಡಿ ಓಡಿಸದವರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೆ ಹೇಳುತ್ತೇನೆ. ಎಡಗಾಲ ಕೆಳಗೆ ಕ್ಲಚ್ಚು ಅಂತ ಒಂದಿರುತ್ತದೆ. ಅದನ್ನು ಪೂರ್ತಿ ಒತ್ತಿ ಗೇರು ಹಾಕಬೇಕು. ಆಮೇಲೆ ಆ ಎಡಗಾಲನ್ನು ನಿಧಾನವಾಗಿ ಎತ್ತುತ್ತಾ ಬಲಗಾಲಲ್ಲಿ ಎಕ್ಸಲೇಟರ್ ಕೊಡಬೇಕು. ಫಕ್ಕನೆ ಬಿಟ್ಟಿರೋ, ಗಾಡಿ ಕಪ್ಪೆಯ ಹಾಗೆ ಜಿಗಿದು ಬಂದ್ ಆಗಿಬಿಡುತ್ತದೆ. ಈ ಬಿಡುವುದಿದೆಯಲ್ಲ, ಅದೇ ವಿದ್ಯೆ. ಮಾಸ್ತರು ಆಕೆಗೆ ಚೆನ್ನಾಗಿ ಹೇಳಿಕೊಟ್ಟರು: "ಅಕ್ಕಾರ, ಕೂಸಿಗೆ ತಟ್ಟಿ ಮಲಗಸ್ತೀರಲ್ಲ, ನಿದ್ದಿ ಹತ್ತಿದ ಮ್ಯಾಲೆ ಕೈ ಹೆಂಗ ತಗೀತೀರಿ? ಹಂಗ ಕಾಲು ತಗೀರಿ." ಆಕೆಗೆ ಅಷ್ಟು ಸಾಕಾಯಿತು. ಮಕ್ಕಳನ್ನು ಹೆತ್ತು ಮಲಗಿಸಿದವಳು. ಕಾಲು ಹೂವಿನ ಹಾಗೆ ಏಳತೊಡಗಿತು. ಪರೀಕ್ಷೆ ಪಾಸಾಯಿತು, ಲೈಸನ್ಸೂ ಬಂತು.

ಇಲ್ಲಿವರೆಗೆ ಸರಿ. ಇನ್ನು ಸ್ವಂತ ಕಾರು, ಸ್ವಂತ ಗಂಡ.

ಪಕ್ಕದ ಸೀಟಿನಲ್ಲಿ ಸಾಹುಕಾರ ಕೂತ. ಕೂತವನಿಗೆ ಸುಮ್ಮನಿರಲು ಬರಬೇಕಲ್ಲ! "ಕ್ಲಚ್ ಒತ್ತು! ಏ, ಕ್ಲಚ್ ಅಂದ್ರ ಬ್ರೇಕ್ ಒತ್ತತಿಯಲ್ಲ, ಎಡಗಾಲು ಯಾವ್ದು ಬಲಗಾಲು ಯಾವ್ದು ಗೊತ್ತೈತೋ ಇಲ್ಲೋ? ಬಿಡು ಈಗ. ಬಿಡು ಅಂದೆ! ದಡ್ಡಿ, ಹಿಂಗ ಬಿಡ್ತಾರೇನು?" ಅವನು "ಬಿಡು" ಎಂದು ಕಿರುಚಿದ ಕೂಡಲೇ ಆಕೆಯ ಕಾಲು ಬೆಚ್ಚಿಬೀಳುತ್ತಿತ್ತು. ಕಾಲು ಬೆಚ್ಚಿದರೆ ಗಾಡಿ ಜಿಗಿಯುತ್ತಿತ್ತು, ಜಿಗಿದು ಬಂದಾಗುತ್ತಿತ್ತು. ಹಿಂದಿನವರು ಹಾರ್ನು ಹೊಡೆಯುವರು. ಸಾಹುಕಾರ ಮತ್ತೂ ಕಿರುಚುವನು. ಇನ್ನೊಂದು ತಮಾಷೆ ನೋಡಿ. ಅವನ ಕಾಲ ಕೆಳಗೆ ಬ್ರೇಕೇ ಇಲ್ಲ, ಬರೀ ಮ್ಯಾಟು. ಆದರೂ ಎದುರಿಗೊಂದು ನಾಯಿ ಬಂದರೆ ಆ ಮ್ಯಾಟನ್ನೇ ಜೋರಾಗಿ ಒತ್ತುತ್ತಿದ್ದ! ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ಸೊಸೆ ಅಡುಗೆ ಮಾಡುತ್ತಿದ್ದಾಳೆ, ಮಗ ಅಂಗಡಿ ನೋಡುತ್ತಿದ್ದಾನೆ, ನಾವು ಪಕ್ಕದಲ್ಲಿ ಕೂತು ಮ್ಯಾಟು ಒತ್ತುತ್ತಿದ್ದೇವೆ.

ಸಾಹುಕಾರನಿಗೆ ಒಂದು ಸಲವೂ ಅನ್ನಿಸಲಿಲ್ಲ, ಗಾಡಿ ಬಂದಾಗುತ್ತಿರುವುದು ತನ್ನ ಬಾಯಿಯಿಂದ ಎಂದು. ಇವಳಿಗೆ ಬುದ್ಧಿ ಇಲ್ಲ, ಆ ಮಾಸ್ತರನೇ ಲಂಚ ಕೊಟ್ಟು ಪಾಸು ಮಾಡಿಸಿದ್ದಾನೆ ಎಂದೇ ಅವನ ಲೆಕ್ಕ.

ಒಂದು ಸಂಜೆ ಏನಾಯಿತು ಎಂದರೆ, ಸಾಹುಕಾರನಿಗೆ ಹಲ್ಲುನೋವು. ಗಲ್ಲ ಹಿಡಿದುಕೊಂಡು ಸುಮ್ಮನೆ ಕೂತಿದ್ದ. ಆಕೆ ಸಂತೆಯ ಜನಜಂಗುಳಿಯೊಳಗಿಂದ ಕಾರು ತಂದಳು. ಎಲ್ಲೂ ಜಿಗಿಯಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಮನೆಯ ಸಂದಿಯಲ್ಲಿ ಹಿಂದಕ್ಕೆ ತೆಗೆದು ಅಳತೆ ಮಾಡಿದ ಹಾಗೆ ನಿಲ್ಲಿಸಿದಳು. ನಿಲ್ಲಿಸಿ, ಗಂಡನ ಮುಖ ನೋಡಿದಳು. ತಾಯಂದಿರೇ, ಆ ನೋಟ ನಿಮಗೆ ಗೊತ್ತು. ಸಾಹುಕಾರನಿಗೂ ಗೊತ್ತಾಯಿತು. ಚೆನ್ನಾಗಿ ಓಡಿಸಿದಳು ಎಂದು ಒಳಗೆ ಅನ್ನಿಸಿತು, ಸುಳ್ಳು ಹೇಳಬಾರದು. ಆದರೆ ಹೇಳಿದರೆ ತಲೆ ಮೇಲೆ ಕೂರುತ್ತಾಳೆ ಎಂದೂ ಅನ್ನಿಸಿತು. ಬಾಯಿ ತೆರೆದು ಅಂದದ್ದು ಇಷ್ಟು: "ತಿರುವಿನ್ಯಾಗ ಹಾರ್ನ್ ಯಾಕ ಹೊಡೀಲಿಲ್ಲ?"

ಆಕೆ ಕೆಳಗಿಳಿದು ಹೋದಳು. ಮರುದಿನ ಹಲ್ಲುನೋವು ವಾಸಿಯಾಯಿತು, ಬಾಯಿ ಶುರುವಾಯಿತು, ಕಾರು ಗೇಟಿನ ಕಂಬಕ್ಕೆ ತಾಗಿತು. ಸಾಹುಕಾರ ಕೀಲಿಕೈ ಕಸಿದು ತನ್ನ ಅಂಗಿ ಜೇಬಿಗೆ ಹಾಕಿಕೊಂಡ. "ಸಾಕು. ಇದು ನಿನ್ನ ಕೈಲಿ ಆಗೂ ಮಾತಲ್ಲ." ಅಂದಿನಿಂದ ಕಾರು ಮುಸುಕು ಹೊದ್ದು ನಿಂತಿತು. ಆಕೆ ಏನೂ ಅನ್ನಲಿಲ್ಲ. ಅನ್ನದೇ ಇರುವುದು ಆಕೆಗೆ ಮದುವೆಯಾದಾಗಿನಿಂದ ಅಭ್ಯಾಸ.

ಈಗ ಕಥೆ ಬಂತು ನೋಡಿ ಮುಖ್ಯ ಜಾಗಕ್ಕೆ.

ಒಂದು ಬೆಳಿಗ್ಗೆ ಸಾಹುಕಾರ ಚಹಾದ ಬಟ್ಟಲು ಎತ್ತಲು ಹೋದ. ಬಲಗೈ ಏಳಲಿಲ್ಲ. ಇದೇನಿದು ಎಂದು ಹೆಂಡತಿಯನ್ನು ಕರೆಯಲು ಹೋದ. ಮಾತು ಹೊರಡಲಿಲ್ಲ. ಬಾಯಿ ಒಂದು ಕಡೆಗೆ ವಾಲಿತು. ಆಕೆ ಬಂದು ನೋಡಿದವಳು ಒಂದೇ ನೋಟಕ್ಕೆ ತಿಳಿದುಕೊಂಡಳು, ಲಕ್ವ ಹೊಡೆದಿದೆ. ಆಂಬುಲೆನ್ಸಿಗೆ ಫೋನು ಮಾಡಿದಳು. ಇರುವ ಗಾಡಿ ಬೇರೆ ರೋಗಿಯನ್ನು ಕರೆದುಕೊಂಡು ದೂರ ಹೋಗಿದೆ, ಬರಲು ಹೊತ್ತಾಗುತ್ತದೆ ಎಂದರು. ಈ ರೋಗದಲ್ಲಿ ಹೊತ್ತು ಕಳೆದಷ್ಟೂ ಅಪಾಯ. ಆಕೆ ಗಂಡನ ಅಂಗಿ ಜೇಬಿಗೆ ಕೈ ಹಾಕಿದಳು, ಕೀಲಿಕೈ ತೆಗೆದಳು. ಪಕ್ಕದ ಮನೆಯವರು ಬಂದು ಅವನನ್ನು ಎತ್ತಿ ಮುಂದಿನ ಸೀಟಿಗೆ ಕೂರಿಸಿ ಬೆಲ್ಟು ಬಿಗಿದರು.

ಸಾಹುಕಾರನಿಗೆ ಪೂರ್ತಿ ಎಚ್ಚರವಿತ್ತು. ಎಲ್ಲ ಕಾಣುತ್ತಿತ್ತು, ಎಲ್ಲ ಕೇಳುತ್ತಿತ್ತು. ಜೀವ ಹೋಗುತ್ತದೆ ಎಂಬ ಭಯ ಒಂದು. ಇವಳ ಕೈಯಲ್ಲಿ ಹೋಗುತ್ತದಲ್ಲ ಎಂಬ ಭಯ ಇನ್ನೊಂದು. ಕ್ಲಚ್ಚು ಎಂದು ಕೂಗಬೇಕು, ಗೇರು ಎಂದು ಕೂಗಬೇಕು. ನಾಲಿಗೆ ಮರದ ತುಂಡಿನ ಹಾಗೆ ಬಿದ್ದುಕೊಂಡಿತ್ತು.

ಕಾರು ಮೆತ್ತಗೆ ಹೊರಟಿತು. ಬಸ್ ಸ್ಟ್ಯಾಂಡು ದಾಟಿತು, ಕೋರ್ಟು ದಾಟಿತು. ರೈಲು ಹಳಿಯ ಮೇಲಿನ ಓವರ್ ಬ್ರಿಡ್ಜ್ ಹತ್ತುವಾಗ ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು ಏದುಸಿರು ಬಿಡುತ್ತಾ ನಿಂತೇಬಿಟ್ಟಿತು. ಏರಿನಲ್ಲಿ ಕಾರು ನಿಲ್ಲಿಸಬೇಕಾಯಿತು. ಹಿಂದೆ ಅಂಟಿಕೊಂಡ ಹಾಗೆ ಬಸ್ಸು, ಅದರ ಹಾರ್ನು. ಗಾಡಿ ಓಡಿಸುವ ಅಣ್ಣಂದಿರೇ, ನೀವು ಹೇಳಿ. ಏರಿನಲ್ಲಿ ನಿಂತ ಗೇರಿನ ಗಾಡಿಯನ್ನು ಹಿಂದಕ್ಕೆ ಜಾರದ ಹಾಗೆ ಎತ್ತುವುದು ಹುಡುಗಾಟವೇ? ಪಳಗಿದವರಿಗೇ ಬೆವರು ಬರುತ್ತದೆ. ಸಾಹುಕಾರ ಕಣ್ಣು ಮುಚ್ಚಿಕೊಂಡ. ಇಲ್ಲಿಗೆ ಮುಗಿಯಿತು ಎಂದುಕೊಂಡ.

ಟ್ರ್ಯಾಕ್ಟರು ಹೊರಟಿತು. ಆಕೆ ಹ್ಯಾಂಡ್ ಬ್ರೇಕು ಹಿಡಿದಳು, ಕ್ಲಚ್ಚನ್ನು ಅರ್ಧಕ್ಕೆ ತಂದು ನಿಲ್ಲಿಸಿದಳು, ಎಕ್ಸಲೇಟರ್ ಕೊಟ್ಟಳು, ಹ್ಯಾಂಡ್ ಬ್ರೇಕು ಇಳಿಸಿದಳು. ಕಾರು ಒಂದು ಬೆರಳಿನಷ್ಟೂ ಹಿಂದೆ ಸರಿಯಲಿಲ್ಲ. ಬಟ್ಟಲಲ್ಲಿದ್ದ ನೀರು ತುಳುಕದ ಹಾಗೆ ಏರು ಹತ್ತಿತು. ಸಾಹುಕಾರ ಕಣ್ಣು ತೆರೆದು ಹೆಂಡತಿಯ ಮುಖ ನೋಡಿದ. ಆಕೆ ರಸ್ತೆ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಕಾಲಲ್ಲಿ ನಡುಕ ಇರಲಿಲ್ಲ.

ಆಗ ಹೊಳೆಯಿತು ಆ ಪುಣ್ಯಾತ್ಮನಿಗೆ! ಕಾರು ಅದೇ, ಹೆಂಡತಿ ಅವಳೇ, ರಸ್ತೆ ಅದೇ. ಇವತ್ತು ಇಲ್ಲದಿರುವುದು ಒಂದೇ, ತನ್ನ ಬಾಯಿ. ಇಷ್ಟು ದಿನ ಕಾರನ್ನು ಬಂದ್ ಮಾಡುತ್ತಿದ್ದವನು ತಾನೇ ಎಂದು ತಿಳಿಯಿತು. ಚಲೋ ಹೊಡದಿ ಎಂದು ಒಂದು ಮಾತು ಹೇಳಬೇಕು ಅನ್ನಿಸಿತು. ಈಗಲೇ ಹೇಳಬೇಕು, ಸತ್ತರೆ ಹೇಳದೇ ಸಾಯುತ್ತೇನೆ ಅನ್ನಿಸಿತು. ಬಾಯಿ ತೆರೆದ. ಬರೀ ಜೊಲ್ಲು ಸೋರಿತು. ಹೇಳುವ ಬಾಯಿದ್ದಾಗ ಮನಸ್ಸಿರಲಿಲ್ಲ. ಮನಸ್ಸು ಬಂದಾಗ ಬಾಯಿ ಇಲ್ಲ.

ಸಾಯಲಿಲ್ಲ, ಗಾಬರಿಯಾಗಬೇಡಿ. ಹೊತ್ತಿಗೆ ಸರಿಯಾಗಿ ತಂದಿರಿ, ಉಳಿದರು ಎಂದರು ಡಾಕ್ಟರು. ಕೈಗೆ ನಿಧಾನವಾಗಿ ಶಕ್ತಿ ಬಂತು. ಮಾತು ಮಾತ್ರ ಬರಲಿಲ್ಲ.

ಬರಲಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಒಂದು ದಿನ ಮನೆಯಲ್ಲಿ ಬಾಯಾರಿಕೆಯಾಗಿ ನೀರು ಎಂದು ಹೇಳಲು ಹೋದ. ಬಾಯಿಂದ ಸ್ಪಷ್ಟವಾಗಿ, ಗಂಟೆ ಹೊಡೆದ ಹಾಗೆ ಬಂದ ಮಾತು ಯಾವುದು ಗೊತ್ತೇ? "ದಡ್ಡಿ!" ಅಯ್ಯೋ, ಅವನೇ ಬೆಚ್ಚಿಬಿದ್ದ. ಮತ್ತೆ ನೀರು ಎನ್ನಲು ಹೋದ. "ಥೂ, ದಡ್ಡಿ!" ಹೆಂಡತಿ ಅವನ ಕಣ್ಣು ನೋಡಿ ನೀರು ತಂದುಕೊಟ್ಟಳು. ಮಾತು ಕಲಿಸಲು ಬರುತ್ತಿದ್ದ ಆಸ್ಪತ್ರೆಯ ಹುಡುಗಿ ವಿವರಿಸಿ ಹೇಳಿದಳು: "ಈ ಕಾಯಿಲೆಯಲ್ಲಿ ಕೆಲವರಿಗೆ ಹಿಂಗ ಆಗತೈತ್ರಿ ಅಮ್ಮಾರ. ವಿಚಾರ ಮಾಡಿ ಆಡೂ ಮಾತು ಹೋಗತಾವು. ದಿನಾ ಅಂದು ಅಂದು ರೂಢಿ ಆದ ಮಾತು ಹಂಗ ಉಳೀತಾವು." ಕೇಳಿದಿರಾ? ಸಾಹುಕಾರನ ಬಾಯಲ್ಲಿ ಏನು ಉಳಿದಿತ್ತು ಕೇಳಿದಿರಾ? ನಾಳೆ ನಮ್ಮೆಲ್ಲರ ಮಾತೂ ಹೋದರೆ, ದೇವರು ಹಾಗೆ ಮಾಡದಿರಲಿ, ನಮ್ಮ ಬಾಯಲ್ಲಿ ಉಳಿಯುವ ಮಾತು ಯಾವುದು? ಸ್ವಲ್ಪ ಯೋಚನೆ ಮಾಡಿ. ನನಗಂತೂ ಭಯವಾಗುತ್ತದೆ.

ಸಾಹುಕಾರ ಅತ್ತ. ಈ ಸಲ ಅತ್ತೇ ಬಿಟ್ಟ. ಆಮೇಲೆ ಎಳೆಮಗುವಿನ ಹಾಗೆ ಕಲಿಯಲು ಕೂತ. ಅ, ಆ, ಅಮ್ಮ, ಅಕ್ಕಿ. ಒಂದು ಮಾತು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಎತ್ತಬೇಕು. ಬೆವರು ಇಳಿಯುತ್ತಿತ್ತು. ಬಂದ ನೆಂಟರು ತಡೆಯಲಾರದೆ "ಅಕ್ಕಿನಾ? ಅಕ್ಕನಾ? ಅನ್ನನಾ?" ಎಂದು ಬಾಯಿ ಹಾಕುತ್ತಿದ್ದರು. ಆಗ ಅವನಿಗೆ ಬರಲಿದ್ದ ಮಾತೂ ಓಡಿಹೋಗುತ್ತಿತ್ತು. ಹೆಂಡತಿ ಮಾತ್ರ ಬಾಯಿ ಹಾಕಲಿಲ್ಲ. ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಾ ಕಾಯುತ್ತಿದ್ದಳು. ಅವನ ಮಾತು ತಾನಾಗಿ ಹೊರಡುವವರೆಗೆ ಕಾಯುತ್ತಿದ್ದಳು. ಸಾಹುಕಾರ ಅವಳನ್ನು ನೋಡಿ ನೋಡಿ ಒಳಗೊಳಗೇ ಕರಗಿಹೋದ. ಇವಳು ನನಗೆ ಮಾಡುತ್ತಿರುವುದನ್ನು ನಾನು ಇವಳಿಗೆ ಒಂದು ದಿನ ಮಾಡಿದ್ದರೆ?

ಎಲ್ಲ ಬಿಟ್ಟು ಅವನು ಒಂದೇ ಮಾತಿಗೆ ಜೋತುಬಿದ್ದ. ಕಲಿಸುವ ಹುಡುಗಿ ಹೋದ ಮೇಲೂ ಗೋಡೆಗೆ ಮುಖ ಮಾಡಿ ಗೊಣಗುತ್ತಿದ್ದ. ಕಡೆಗೊಂದು ದಿನ ಆಕೆ ಅವನನ್ನು ಆಸ್ಪತ್ರೆಗೆ ತೋರಿಸಿಕೊಂಡು ಬಂದು ಸಂದಿಯಲ್ಲಿ ಕಾರು ನಿಲ್ಲಿಸಿದಳು. ಇಳಿಯಲು ಹೊರಟವಳ ಸೆರಗು ಹಿಡಿದ. ಮುಖವೆಲ್ಲ ಕೆಂಪಾಯಿತು, ತುಟಿ ನಡುಗಿತು. ಆಕೆ ಕಾದಳು.

"ಚ... ಚಲೋ... ಹೊ... ಹೊಡದಿ."

ಆಕೆ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಳು. ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಗಂಡನ ಕಡೆ ತಿರುಗಿ, ಮದುವೆಯಾದ ಹೊಸತರಲ್ಲಿ ನಗುತ್ತಿದ್ದ ಹಾಗೆ ನಕ್ಕು ಹೇಳಿದಳು:

"ಸರಿ ಕೇಳಿಸಲಿಲ್ರಿ. ಇನ್ನೊಮ್ಮೆ ಹೇಳ್ರಿ."

ಅವನು ಇನ್ನೊಮ್ಮೆ ಹೇಳಿದ. ಅಷ್ಟೇ ಕಷ್ಟಪಟ್ಟು ಹೇಳಿದ.

ನೋಡಿ, ಆ ಮನುಷ್ಯ ಎರಡು ಮಾತಿಗಾಗಿ ಎಷ್ಟು ಬೆವರು ಸುರಿಸಿದ! ನಿಮಗೆ ಬಾಯಿ ಇದೆ. ನಾಲಿಗೆ ಹೊರಳುತ್ತದೆ. ಈಗ ಪ್ರಸಾದದ ಸಾಲಿನಲ್ಲಿ ಅದು ಹೇಗೆ ಹೊರಳುತ್ತದೆ ಎಂದು ನಾನೇ ನೋಡುತ್ತೇನಲ್ಲ! ಹಾಗಿದ್ದ ಮೇಲೆ ಯಾಕೆ ಕಂಜೂಸುತನ? ನಿಮ್ಮ ಮನೆಯಲ್ಲಿ ಯಾರೋ ಏನನ್ನೋ ಕಲಿಯುತ್ತಿರುತ್ತಾರೆ. ಸೊಸೆ ನಿಮ್ಮ ಮನೆಯ ಸಾರು ಕಲಿಯುತ್ತಿದ್ದಾಳೆ. ಮಗ ವ್ಯಾಪಾರ ಕಲಿಯುತ್ತಿದ್ದಾನೆ. ವಯಸ್ಸಾದ ಅಪ್ಪ ಹೊಸ ಫೋನು ಕಲಿಯುತ್ತಿದ್ದಾನೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾನೆ. ಅವರ ಪಕ್ಕ ಕೂತಾಗ ಬಾಯಿ ಮುಚ್ಚಿಕೊಂಡು ಕೂರಿ. ಕೇಳಿದರೆ ಮೆಲ್ಲಗೆ ಹೇಳಿ. ಕೇಳದಿದ್ದರೆ ಕಾಯಿರಿ. ಗಾಡಿ ಬಂದಾದರೆ ಆಗಲಿ, ಮತ್ತೆ ಚಾಲೂ ಆಗುತ್ತದೆ. ಬೈದು ಬೈದು ಮನಸ್ಸು ಬಂದ್ ಆದರೆ ಚಾಲೂ ಮಾಡುವವರು ಯಾರು?

ಇವತ್ತು ಮನೆಗೆ ಹೋಗುತ್ತೀರಿ. ಚಪ್ಪಲಿ ಬಿಡುವಾಗಲೇ ಹೇಳಿ. ನಾಳೆಗೆ ಇಡಬೇಡಿ, ಹಬ್ಬಕ್ಕೆ ಇಡಬೇಡಿ. ಏನಾಗಿದೆ ಇವರಿಗೆ ಎಂದು ಅವರು ಗಾಬರಿಯಾದರೂ ಪರವಾಗಿಲ್ಲ. ಚಲೋ ಮಾಡಿದಿ ಎಂದು ಹೇಳಿ. ಸರಿಯಾಗಿ ಕೇಳಿಸಲಿಲ್ಲ ಎಂದರೆ, ಅಣ್ಣಂದಿರೇ, ಸಿಟ್ಟಾಗಬೇಡಿ. ಇನ್ನೊಮ್ಮೆ ಹೇಳಿ.