ಕಸ್ತೂರಿಯ ದನಿ

ನಮ್ಮ ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರ. ಆ ಊರಲ್ಲಿ ಒಬ್ಬ ಟಿವಿ ವರದಿಗಾರನಿದ್ದ. ಶ್ರೀಮಂತನಲ್ಲ, ಆದರೆ ಊರಿನ ಶ್ರೀಮಂತರೂ ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಮೃತ್ಯುಂಜಯ ಅಂತ ಹೆಸರು. ಹೆಂಡತಿ ಕಸ್ತೂರಿ, ಮನೆಯಲ್ಲೇ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು.

ನೋಡಿ ಭಕ್ತರೇ, ಮೊದಲೇ ಹೇಳಿಬಿಡುತ್ತೇನೆ, ಅವನು ಕೆಟ್ಟವನಲ್ಲ. ಒಂದು ಓಣಿಗೆ ಹನ್ನೊಂದು ದಿನ ನಲ್ಲಿ ನೀರು ಬಂದಿರಲಿಲ್ಲ. ಇವನು ಮೈಕು ಹಿಡಿದು ಅಧಿಕಾರಿಯ ಮುಂದೆ ನಿಂತ. ಮರುದಿನ ನೀರು ಬಂತು. ಆ ಓಣಿಯ ಮುದುಕಿಯೊಬ್ಬಳು ಅವನ ಗಲ್ಲ ಸವರಿ, "ನೀ ನಮ್ಮ ಮನಿ ಮಗಾ ಇದ್ದಂಗಪಾ" ಅಂದಳು. ಸುಳ್ಳಲ್ಲ, ಅವನು ಊರಿನ ಎಲ್ಲ ಮನೆಗಳ ಮಗನಾಗಿದ್ದ. ತನ್ನ ಮನೆಗೆ ಏನಾಗಿದ್ದ?

ಅವನಿಗೆ ಕೂತು ಗೊತ್ತಿರಲಿಲ್ಲ. ಎರಡು ಫೋನು, ಒಂದು ಬೈಕು. ರೊಟ್ಟಿಯನ್ನು ನಿಂತೇ ತಿನ್ನುತ್ತಿದ್ದ. ಎಲ್ಲೋ ಬಸ್ಸು ಉರುಳಿತು, ಓಡಿದ. ಎಲ್ಲೋ ಗೋದಾಮಿಗೆ ಬೆಂಕಿ ಬಿತ್ತು, ಓಡಿದ. ಇನ್ನೊಂದು ಚಾನೆಲ್ಲಿನವರು ಒಂದು ನಿಮಿಷ ಮೊದಲು ಸುದ್ದಿ ಕೊಟ್ಟರೆ ಆ ದಿನವೆಲ್ಲ ಅವನ ಮುಖ ಗಂಟಿಕ್ಕಿರುತ್ತಿತ್ತು. ಏನೂ ಆಗದ ದಿನ ಇನ್ನೂ ಕಷ್ಟ. ಫೋನನ್ನು ಕೈಯಿಂದ ಕೈಗೆ ಬದಲಿಸುತ್ತ ಅಂಗಳದಲ್ಲಿ ಅಡ್ಡಾಡುತ್ತಿದ್ದ.

ಒಂದು ಮುಂಜಾನೆ ಕಸ್ತೂರಿ ಅಂದಳು, "ರೀ, ಗಂಟಲದಾಗ ಏನೋ ಗಂಟು ಆದಂಗ ಆಗೇತಿ."

ಫೋನು ಬಡಿಯಿತು. "ಆಮ್ಯಾಲೆ ಹೇಳ," ಅಂದು ಹೋದ.

ಇನ್ನೊಂದು ದಿನ ಬೈಕ್ ಹತ್ತುವಾಗ ಹಿಡಿದು ನಿಲ್ಲಿಸಿದಳು. "ದವಾಖಾನಿಗೆ ಹೋಗಿದ್ದೆ. ಡಾಕ್ಟರು..."

"ಕಸ್ತೂರಿ, ಮಂತ್ರಿ ಬರಾಕತ್ತಾರ. ಆಮ್ಯಾಲೆ."

ಆಮೇಲೆ, ಆಮೇಲೆ, ಆಮೇಲೆ. ಅವಳು ಫೋನು ಮಾಡಿದರೆ, "ಲೈವ್ ಅದೀನಿ" ಅಂತ ಕತ್ತರಿಸುತ್ತಿದ್ದ. ಅಷ್ಟರಲ್ಲಿ ಅವಳ ದನಿ ಒಡೆಯತೊಡಗಿತ್ತು. ಮೊದಲು ನೆಗಡಿ ಬಂದಂತೆ, ಆಮೇಲೆ ಒಣ ಎಲೆ ತುಳಿದಂತೆ. ಹೊಲಿಗೆ ಕಲಿಯಲು ಬರುವ ಹುಡುಗಿಯರು ಕೇಳಿದರು, "ಅಕ್ಕಾ, ದನಿ ಯಾಕ ಹಿಂಗಾತು?" ಹಾಲಿನವನು ಕೇಳಿದ. ಪಕ್ಕದ ಮನೆಯವಳು ಕೇಳಿದಳು. ಒಬ್ಬನು ಮಾತ್ರ ಕೇಳಲಿಲ್ಲ. ಯಾರು ಅಂತ ನಿಮಗೇ ಗೊತ್ತಿದೆ.

ಅವನ ಚಾನೆಲ್ಲಿನಲ್ಲಿ ವಾರಕ್ಕೊಮ್ಮೆ ಸಂಜೆ ಐದಕ್ಕೆ ಒಂದು ಕಾರ್ಯಕ್ರಮ. ಜನ ಫೋನು ಮಾಡಿ ಕಷ್ಟ ಹೇಳಬೇಕು, ಇವನು ಸಂಬಂಧಪಟ್ಟವರನ್ನು ಅಲ್ಲೇ ಲೈನಿಗೆ ಕರೆದು ಬೆವರಿಳಿಸಬೇಕು. ಆ ವಾರದ ವಿಷಯ ಆಸ್ಪತ್ರೆಗಳು. ಕಸ್ತೂರಿ ಅವತ್ತು ಮಧ್ಯಾಹ್ನದಿಂದ ಗಂಡನಿಗೆ ನಾಲ್ಕು ಸಲ ಫೋನು ಮಾಡಿದ್ದಳು, ಅವನು ಎತ್ತಿರಲಿಲ್ಲ. ಮನೆಯಲ್ಲಿ ಟಿವಿ ಹಚ್ಚಿತ್ತು. ಪರದೆಯ ಕೆಳಗೆ ಚಾನೆಲ್ಲಿನ ನಂಬರು ಬರುತ್ತಿತ್ತು. ಈ ನಂಬರಾದರೆ ಅವನು ಎತ್ತುತ್ತಾನೆ ಅನ್ನಿಸಿತು ಅವಳಿಗೆ. ಅವಮಾನ ಮಾಡುವ ಯೋಚನೆ ಇರಲಿಲ್ಲ ತಾಯಂದಿರೇ. ಎತ್ತುತ್ತಾನೆ, ಅಷ್ಟೇ.

"ಹೇಳ್ರಿ ಅಕ್ಕಾರ, ಏನು ತೊಂದರಿ?" ಮೃತ್ಯುಂಜಯ ಕೇಳಿದ.

"ಗಂಟಲದಾಗ ಗಡ್ಡಿ ಆಗೇತ್ರಿ. ಪರೀಕ್ಷಾ ಮಾಡ್ಯಾರ. ಛಲೋ ಗಡ್ಡಿ ಅಲ್ಲ, ಲಗೂ ಆಪರೇಶನ್ ಆಗಬೇಕು, ಗಂಡನ್ನ ಕರಕೊಂಡು ಬಾ ಅಂದಾರ."

"ಮತ್ತ ತಕರಾರು ಏನು? ಬೆಡ್ ಇಲ್ಲ ಅಂತಾರೇನು?"

"ದವಾಖಾನಿಯವರದು ಏನೂ ತಪ್ಪಿಲ್ರಿ. ನಮ್ಮ ಮನಿಯವರಿಗೆ ಪುರುಸೊತ್ತಿಲ್ಲ. ಹದಿನೇಳು ದಿನ ಆತು."

ಅವನಿಗೆ ಸಿಟ್ಟು ಬಂತು. ನಿಜವಾದ ಸಿಟ್ಟು. ಕ್ಯಾಮೆರಾ ಕಡೆಗೆ ತಿರುಗಿ, "ನೋಡ್ರಿ ವೀಕ್ಷಕರೇ, ಇಂಥಾ ಗಂಡಸರೂ ಇರ್ತಾರ. ಅಕ್ಕಾರ, ಅವರ ನಂಬರ್ ಕೊಡ್ರಿ. ಈಗಿಂದೀಗ ಲೈನಿಗೆ ತಗೋತೀನಿ," ಅಂದ.



"ಅವರು ಲೈನಿನ್ಯಾಗ ಅದಾರ್ರಿ," ಅಂದಿತು ಆ ಒಡೆದ ದನಿ. "ನಾನು ಕಸ್ತೂರಿ."

ಹತ್ತು ವರ್ಷ ಸಂಸಾರ ಮಾಡಿದ ಹೆಂಡತಿ. ಅವಳು ಅಷ್ಟು ಹೊತ್ತು ಮಾತಾಡಿದರೂ ಗುರುತು ಸಿಗಲಿಲ್ಲ. ಯಾಕೆ ಸಿಗಬೇಕು ಹೇಳಿ? ಮೂರು ತಿಂಗಳಿಂದ ಅವಳ ಒಂದು ಮಾತನ್ನಾದರೂ ಕೊನೆಯವರೆಗೆ ಕೇಳಿದ್ದನೆ?

ಅವನು ಶರ್ಟಿಗೆ ಸಿಕ್ಕಿಸಿದ್ದ ಮೈಕನ್ನು ಬಿಚ್ಚಿ ಮೇಜಿನ ಮೇಲಿಟ್ಟು ಎದ್ದ. ಚಾನೆಲ್ಲಿನ ಮಾಲೀಕ ಓಡಿಬಂದು ಬಾಗಿಲಲ್ಲಿ ತಡೆದ. "ಎಲ್ಲಿ ಹೊಂಟಿ? ಕುಂದ್ರು. ಆಕಿನ್ನೂ ಇಲ್ಲಿಗೇ ಕರಸೂಣು. ಗಂಡ ಹೆಂಡ್ತಿ ಎದರಾಬದರಾ. ಇಡೀ ಜಿಲ್ಲಾ ಕೂತು ನೋಡತೈತಿ."

ಈಗ ಗಮನವಿಟ್ಟು ಕೇಳಿ. ಒಂದು ಗಳಿಗೆ ಅವನ ಕಾಲುಗಳು ನಿಂತವು. ಮಾಲೀಕ ಹೇಳಿದ್ದು ಒಳ್ಳೆಯ ಕಾರ್ಯಕ್ರಮವೇ ಅನ್ನಿಸಿತು. ತಲೆಬರಹವೂ ಮನಸ್ಸಿನಲ್ಲಿ ಮೂಡಿತು. ಮುಂದೆ ಅವನು ಮಠಕ್ಕೆ ಬಂದು ನನ್ನ ಎದುರು ಕೂತು ಇದನ್ನೆಲ್ಲ ಹೇಳಿದಾಗ ಅತ್ತದ್ದು ಈ ಜಾಗದಲ್ಲಿ. "ಆಕಿ ದನಿ ಗುರುತು ಹಿಡೀಲಿಲ್ಲ, ಅದನ್ನ ಹೆಂಗೋ ತಡಕೊಂಡೆ ಬುದ್ಧಿ. ಆದರ ಆ ಬಾಗಿಲದಾಗ ನಿಂತೆ ನೋಡ್ರಿ, ಅದು ನನ್ನ ಬಿಡವಲ್ದು," ಅಂದ.

ಮಾಲೀಕನ ಕೈ ಸರಿಸಿ ಮನೆಗೆ ಬಂದ. ಹೊಲಿಗೆ ಯಂತ್ರದ ಎದುರು ನೆಲದ ಮೇಲೆ ಕೂತ. ಕಿಸೆಯಲ್ಲಿ ಎರಡೂ ಫೋನು ನಡುಗುತ್ತಿದ್ದವು. "ಹೇಳು," ಅಂದ. ಕಸ್ತೂರಿಗೆ ನಂಬಿಕೆ ಬರಲಿಲ್ಲ. "ಫೋನ್ ಬರಾಕತ್ತೇತಲ್ಲ," ಅಂದಳು. ಅವನು ಎರಡನ್ನೂ ಆರಿಸಿ, ಅವಳ ಬಟ್ಟೆಯ ಬುಟ್ಟಿಯೊಳಗೆ ಹಾಕಿದ. ಅವಳು ಮೊದಲ ದಿನದಿಂದ ಹೇಳಿದಳು. ನಡುವೆ ಎರಡು ಸಲ ಅವನ ಕೈ ತಾನಾಗಿ ಬುಟ್ಟಿಯ ಕಡೆ ಹೋಯಿತು. ಎರಡು ಸಲವೂ ಹಿಂದಕ್ಕೆ ತೆಗೆದುಕೊಂಡ.

ಮರುದಿನ ಮುಂಜಾನೆ ಇಬ್ಬರೂ ಡಾಕ್ಟರ ಮುಂದಿದ್ದರು. ಅದೇ ವಾರ ಆಪರೇಶನ್ ಆಯಿತು. ಕಸ್ತೂರಿ ಬದುಕಿದಳು, ಚೆನ್ನಾಗಿದ್ದಾಳೆ. ಆದರೆ ಗಡ್ಡೆ ದನಿಯ ನರವನ್ನು ಹಿಡಿದುಬಿಟ್ಟಿತ್ತು. ಹಳೆಯ ದನಿ ಮರಳಲಿಲ್ಲ.

ಅವನು ಕೆಲಸ ಬಿಟ್ಟನೆ? ಇಲ್ಲ. ಈಗಲೂ ವರದಿಗಾರ. ಒಂದು ದಿನ ಅವನಿಗೆ ಅವಳ ಮೊದಲಿನ ದನಿ ಹೇಗಿತ್ತು ಅಂತ ಕೇಳುವ ಆಸೆಯಾಯಿತು. ಕಚೇರಿಯ ಕಂಪ್ಯೂಟರು ತೆಗೆದು ಹುಡುಕಿದ. ಮಂತ್ರಿಗಳ ದನಿ ಇತ್ತು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ದನಿ ಇತ್ತು. ಕಳ್ಳನ ದನಿ, ಪೊಲೀಸರ ದನಿ, ಹತ್ತು ವರ್ಷದ ಇಡೀ ಜಿಲ್ಲೆಯ ದನಿ ಇತ್ತು. ಮನೆಯ ಫೋನುಗಳನ್ನೂ ಹುಡುಕಿದ. ಕಸ್ತೂರಿಯದು ಒಂದು ಮಾತೂ ಇರಲಿಲ್ಲ.

ಅಯ್ಯೋ ಪಾಪ ಅಂತ ತಲೆ ಅಲ್ಲಾಡಿಸುತ್ತಿದ್ದೀರಿ. ಅವನಿಗಾಗಿ ಅಲ್ಲಾಡಿಸಬೇಡಿ. ನೀವು ಟಿವಿಯವರಲ್ಲ ಸರಿ, ಅಂಗಡಿಯವರು, ಮೇಷ್ಟ್ರು, ಕಚೇರಿಯವರು. ಗಿರಾಕಿಯ ಮಾತು ಪೂರ್ತಿ ಕೇಳುತ್ತೀರಿ, ಸಾಹೇಬರ ಮಾತು ಎರಡು ಸಲ ಕೇಳುತ್ತೀರಿ. ನನ್ನ ಮಾತು ಕೇಳಲು ಒಂದು ಗಂಟೆಯಿಂದ ಕಾಲು ಮಡಚಿ ಕೂತಿದ್ದೀರಿ. ಈ ಒಂದು ಗಂಟೆಯನ್ನು ಮನೆಯಲ್ಲಿ ಯಾರಿಗೆ ಕೊಟ್ಟಿದ್ದೀರಿ? ಈ ವಾರ ನಿಮ್ಮ ಮನೆಯಲ್ಲಿ ಯಾರೋ ಏನೋ ಹೇಳಲು ಬಾಯಿ ತೆರೆದರು, ನೀವು ತಡೆದಿರಿ. ಯಾರು ಅಂತ ಈಗಲೇ ನೆನಪಾಗಿದೆ, ನಿಮ್ಮ ಮುಖದಲ್ಲೇ ಕಾಣುತ್ತಿದೆ.

ಅವರ ಎದುರಿಗೆ ಹೋಗಿ ಕೂರಿ. "ಅವತ್ತು ನೀನು ಏನೋ ಹೇಳ್ತಿದ್ದೆ, ಏನದು?" ಅಂತ ನೀವಾಗಿ ಕೇಳಿ. ಏನಿಲ್ಲ ಅಂತಾರೆ. ಇನ್ನೊಮ್ಮೆ ಕೇಳಿ. ಮಾತು ಮುಗಿಯುವವರೆಗೆ ಏಳಬೇಡಿ, ಬುದ್ಧಿವಾದ ಹೇಳಬೇಡಿ. ದಿನವೂ ಇಷ್ಟು ಮಾಡಿ, ಸಾಕು. ಇವತ್ತು ಮಂಗಳಾರತಿಗೆ ಕಾಯಬೇಡಿ, ಪ್ರಸಾದಕ್ಕೂ ನಿಲ್ಲಬೇಡಿ. ಏಳಿ, ಮನೆಗೆ ನಡೆಯಿರಿ.