ಸೂರ್ಯಕಾಂತನನ್ನು ಕಾರಿನಲ್ಲಿ ಕೂಡಿಹಾಕಿದ ಬಗ್ಗೆ ಸಕ್ಕೂಬಾಯಿಯ ಹೇಳಿಕೆ

ನನ್ನ ಹೆಸರು ಸಕ್ಕೂಬಾಯಿ ಗಂಡ ದಿವಂಗತ ಪಾಂಡುರಂಗರಾವ ಅಫಜಲಪುರಕರ, ವಯಸ್ಸು 67 ವರ್ಷ, ನಿವೃತ್ತ ಟೆಲಿಫೋನ್ ಆಪರೇಟರ್, ವಾಸ ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿ, ಬ್ರಹ್ಮಪುರ, ಗುಲಬರ್ಗಾ. ಯಾರೂ ಕರೆತರದೆ ನಾನಾಗಿಯೇ ಕಮಲಾಪುರ ಠಾಣೆಗೆ ನಡೆದು ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಾನು ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿರುವ ಮಗ ಜಯತೀರ್ಥ, ಸೊಸೆ ಮತ್ತು ಮೊಮ್ಮಗನೊಂದಿಗೆ ಇರುತ್ತೇನೆ. ಈ ವರ್ಷ ಮಾರ್ಚಿನಲ್ಲಿ ಮಗನು ಒಂದು ಹಳೆಯ ಬಿಳಿ ಕಾರು ಕೊಂಡನು. ಸ್ಟೇಶನ್ ಬಜಾರದಲ್ಲಿ ಕಾರಿನ ಸಾಮಾನುಗಳ ಅಂಗಡಿ ಇಟ್ಟಿರುವ ಸೂರ್ಯಕಾಂತ ತಂದೆ ದೇವೀಂದ್ರಪ್ಪ, ವಯಸ್ಸು ಸುಮಾರು 35, ಇವರಿಂದ ಅದಕ್ಕೆ ಸೆಂಟ್ರಲ್ ಲಾಕ್ ಮತ್ತು ಬಟನ್ ಒತ್ತಿದರೆ ಇಳಿಯುವ ಕಿಟಕಿ ಗಾಜು ಹಾಕಿಸಿದನು. ಚಾಲಕನ ಬಾಗಿಲಿಗೆ ಬೀಗ ಬಿದ್ದರೆ ಉಳಿದ ಮೂರೂ ಬಾಗಿಲಿಗೆ ತಾನಾಗಿ ಬೀಗ ಬೀಳುತ್ತದೆ. ಕಾರಿನಲ್ಲಿ ಕೀ ಇಲ್ಲದಿದ್ದರೆ ಗಾಜು ಇಳಿಯುವುದಿಲ್ಲ.

ದಿನಾಂಕ 14-4-2002 ರವಿವಾರ ನಾನು, ಮಗ ಇಬ್ಬರೂ ನೆಂಟರ ಮನೆಯ ಮುಂಜಿಗೆಂದು ಹುಮನಾಬಾದಿಗೆ ಹೊರಟೆವು. ಒಂದು ತಾಸು ಬಿಸಿಲಿನಲ್ಲಿ ಓಡಿದ್ದ ಕಾರನ್ನು ಮಧ್ಯಾಹ್ನ 12-30ಕ್ಕೆ ಕಮಲಾಪುರ ಬಸ್ ನಿಲ್ದಾಣದ ಎದುರು ಬಿಸಿಲಿಗೇ ನಿಲ್ಲಿಸಿ, ಮಗನು ಕೆಂಪು ಬಾಳೆಹಣ್ಣು ತರಲು ನಬಿಸಾಬ ಎಂಬುವರ ಬಂಡಿಗೆ ಹೋದನು. ಅಲ್ಲಿ ಗುರುತಿನವರೊಬ್ಬರು ಸಿಕ್ಕಿದ್ದರಿಂದ ಮಾತಿಗೆ ನಿಂತನು. ಕೀ ಅವನ ಜೇಬಿನಲ್ಲಿತ್ತು, ಲಾರಿಗಳ ಧೂಳಿಗೆ ಗಾಜುಗಳನ್ನು ಏರಿಸಿಕೊಂಡಿದ್ದೆವು. ಅವನು ಬಾಗಿಲು ಹಾಕಿದ ಕೂಡಲೇ ನಾಲ್ಕೂ ಬೀಗಗಳು ಬಿದ್ದವು. ಹಿಂದಿನ ಸೀಟಿನಲ್ಲಿದ್ದ ನಾನು ಪಕ್ಕದ ಬಾಗಿಲಿನ ಅಂಚಿನಲ್ಲಿ ಬೀಗ ತೆಗೆಯಲು ಇರುವ ಗುಬಟವನ್ನು ಮೇಲೆತ್ತಿದೆ. ಅದು ಬೆರಳಿನಿಂದ ಕಿತ್ತುಕೊಂಡಂತೆ ಮತ್ತೆ ಕೆಳಗಿಳಿಯಿತು. ಗಾಜು ಬಡಿದೆ. ರಸ್ತೆಯಲ್ಲಿ ಲಾರಿಗಳ ಸದ್ದಿಗೆ ಯಾರಿಗೂ ಕೇಳಲಿಲ್ಲ. ನಂತರ ನೋಡಿದ ಮಗನು ಹೊರಗಿನಿಂದ ಕೀ ತಿರುವಿದರೂ ಬೀಗ ಎದ್ದು ಎದ್ದು ಬೀಳುತ್ತಿತ್ತು. ಕೊನೆಗೆ ಅವನು ಕೀಯನ್ನು ತಿರುವಿ ಒತ್ತಿ ಹಿಡಿದಾಗ ನಬಿಸಾಬ ಹ್ಯಾಂಡಲ್ ಎಳೆದು ಬಾಗಿಲು ತೆಗೆದರು. ನಾನು ಒಳಗೆ ಇದ್ದದ್ದು 25 ನಿಮಿಷ. ಹೊರಗೆ ತೆಗೆದಾಗ ನನಗೆ ಎಚ್ಚರವಿರಲಿಲ್ಲ, ಸೀರೆ ಒದ್ದೆಯಾಗಿತ್ತು ಎಂದು ಆಮೇಲೆ ತಿಳಿಯಿತು. ಅಷ್ಟು ಜನರ ಎದುರು.

ಮರುದಿನ ಬೆಳಿಗ್ಗೆ ಮಗನು ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೋದನು. ಸೂರ್ಯಕಾಂತ ಅಂಗಡಿಯ ನೆರಳಿನಲ್ಲಿ ಕಾರಿನಲ್ಲಿ ಕುಳಿತು ನಾಲ್ಕು ಸಲ ಬೀಗ ಹಾಕಿ ತೆಗೆದು ತೋರಿಸಿದರು. ನಂತರ ನನ್ನನ್ನು ನೋಡದೆ ಮಗನಿಗೆ, "ಲಾಕ್ ಬರೋಬ್ಬರಿ ಅದರಿ ಸರ್. ಆಯಿಯವರೇ ಒಳಗ ಕುಂತು ಏನೇನೋ ಒತ್ಯಾರ. ವಯಸ್ಸಾದಮ್ಯಾಲ ಹಿಂಗ ಆಗ್ತದರಿ, ನಮ್ಮ ಮುತ್ಯಾಗ ಭೀ ಹಿಂಗೇ ಸುರು ಆಗಿತ್ತು. ಒಬ್ಬರನ್ನೇ ಬಿಡಬ್ಯಾಡ್ರಿ" ಎಂದು ಹೇಳಿದರು. ನಾನು ಒಂದೇ ಒಂದು ಗುಬಟ ಎತ್ತಿದ್ದೆ, ಬೇರೇನೂ ಮುಟ್ಟಿಲ್ಲ ಎಂದು ಹೇಳಿದೆ. ಆಗ ಅವರು ನಕ್ಕು, "ಹೌದೌದು ಆಯಿ, ನೀವು ಹೇಳಿದ್ದೇ ಖರೆ" ಎಂದರು.

ಅಂದಿನಿಂದ ಮನೆಯಲ್ಲಿ ನನ್ನ ಮಾತು ನಡೆಯಲಿಲ್ಲ. ಸೊಸೆ ಗ್ಯಾಸಿನ ಹತ್ತಿರ ನನ್ನನ್ನು ಬಿಡಲಿಲ್ಲ. ಮೊಮ್ಮಗನ ಕೈಹಿಡಿದು ಬೀದಿ ದಾಟುವುದು ಬೇಡವೆಂದರು. ಆಷಾಢಿ ಏಕಾದಶಿಗೆ ನಮ್ಮ ಭಜನಾ ಮಂಡಳಿಯ ಜೊತೆ ಪಂಢರಪುರಕ್ಕೆ ಹೋಗಲು ನನ್ನ ಹೆಸರು ಹಚ್ಚಿದ್ದೆ. ಮಗನು ಮಂಡಳಿಯ ತುಳಜಾಬಾಯಿಗೆ ಫೋನ್ ಮಾಡಿ ಆ ಸೀಟು ಬೇರೆಯವರಿಗೆ ಕೊಡಿಸಿದನು. ತುಳಜಾಬಾಯಿ ನೋಡಲು ಬಂದವರು ನನ್ನೊಂದಿಗೆ ಒಂದೊಂದೇ ಶಬ್ದ ಬಿಡಿಸಿ, ಗಟ್ಟಿಯಾಗಿ ಮಾತಾಡಿದರು. ನನಗೆ ಕಿವಿ ಚೆನ್ನಾಗಿ ಕೇಳುತ್ತದೆ. ಕಿವಿಯಿಂದಲೇ ಮೂವತ್ತು ವರ್ಷ ನೌಕರಿ ಮಾಡಿದ್ದೇನೆ.

ಮೇ ತಿಂಗಳಲ್ಲಿ ರವಿವಾರಗಳಂದು ಮಗ, ಸೊಸೆ ಮಧ್ಯಾಹ್ನ ಮಲಗಿದ ಮೇಲೆ ಮನೆಯ ಮುಂದೆ ನಿಂತ ಕಾರಿನ ಬೀಗವನ್ನು ನಾನು ಪರೀಕ್ಷಿಸಿದೆ. ಬೆಳಿಗ್ಗೆ ಸರಿ ಇರುವ ಬೀಗವು ಕಾರು ಒಂದು ತಾಸು ಬಿಸಿಲಿಗೆ ನಿಂತ ಮೇಲೆ ಕೈಗೆ ಬರುವುದಿಲ್ಲ, ಎತ್ತಿದರೂ ತಾನಾಗಿ ಬೀಳುತ್ತದೆ. ಮಗನು ಕಾರನ್ನು ಕಚೇರಿಯ ಬೇವಿನ ಗಿಡದ ಕೆಳಗೆ ನಿಲ್ಲಿಸುತ್ತಾನೆ, ಅವನಿಗೆ ಇದು ಕಂಡಿಲ್ಲ. ಎಬ್ಬಿಸಿ ಹೇಳಿದೆ. "ಆಯ್ತು ಆಯಿ, ಬಿಸಿಲಾಗ ಅಡ್ಡಾಡಬ್ಯಾಡ, ಮಲಕೋ ಹೋಗು" ಎಂದನು. ಸೂರ್ಯಕಾಂತನನ್ನು ಅದೇ ಸೀಟಿನಲ್ಲಿ ಕೂಡಿಸಬೇಕೆಂದು ಆಗ ನಿಶ್ಚಯಿಸಿದೆ.

ದಿನಾಂಕ 24-5-2002ರಂದು ಅಂಗಡಿಗೆ ಫೋನ್ ಮಾಡಿ, ಕಮಲಾಪುರದಲ್ಲಿ ನನ್ನ ಅಳಿಯನ ಎರಡು ಹೊಸ ಜೀಪುಗಳಿಗೆ ಇಂಥದೇ ಲಾಕ್ ಹಾಕಿಸಬೇಕಿದೆ, ರವಿವಾರ ಬಂದು ನೋಡಿರಿ ಎಂದು ತಿಳಿಸಿದೆ. ಅಂಥ ಜೀಪುಗಳಿಲ್ಲ. ನನಗೆ ಅಳಿಯನೂ ಇಲ್ಲ. ಸೂರ್ಯಕಾಂತ ಕೂಡಲೇ ಒಪ್ಪಿದರು.

ಇಂದು ದಿನಾಂಕ 26-5-2002 ಮಗ, ಸೊಸೆ ಸೊಸೆಯ ತವರಿಗೆ ಬಸ್ಸಿನಲ್ಲಿ ಹೋಗಿದ್ದರು. ಓಣಿಯ ಚಾಲಕ ಹಣಮಂತನನ್ನು ಕರೆದು ಕಾರು ತೆಗೆಸಿ, ಸ್ಟೇಶನ್ ಬಜಾರದಲ್ಲಿ ಸೂರ್ಯಕಾಂತನನ್ನು ಹತ್ತಿಸಿಕೊಂಡು 11 ಗಂಟೆಗೆ ಕಮಲಾಪುರ ತಲುಪಿದೆವು. ಹಣಮಂತನಿಗೆ ಏನೂ ಗೊತ್ತಿರಲಿಲ್ಲ, ಅವನನ್ನು ಇದರಲ್ಲಿ ಸೇರಿಸಬಾರದು. ಕಾರನ್ನು ಮೊದಲಿನ ಜಾಗದಲ್ಲೇ ಗಾಜು ಏರಿಸಿ, ಬೀಗ ಹಾಕದೆ ಬಿಸಿಲಿಗೆ ನಿಲ್ಲಿಸಿ ಕೀ ನನ್ನ ಕೈಗೆ ತೆಗೆದುಕೊಂಡೆ. ಅಳಿಯ ಬರುವುದು ತಡವೆಂದು ಹೇಳಿ ಹೋಟೆಲಿನಲ್ಲಿ ಸೂರ್ಯಕಾಂತನಿಗೆ ಉಪ್ಪಿಟ್ಟು, ಎರಡು ಸಲ ಚಹಾ ಕೊಡಿಸಿದೆ. 12-20ಕ್ಕೆ ಹಣಮಂತನನ್ನು ದೂರದ ಅಂಗಡಿಗೆ ಬೀಡಾ ತರಲು ಕಳಿಸಿ, ಜೀಪಿನ ಕಡೆ ಹೋಗೋಣವೆಂದು ಸೂರ್ಯಕಾಂತನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ, ಚಾಲಕನ ಬಾಗಿಲು ಹಾಕಿ ಕೀ ತಿರುವಿದೆ. ನಾಲ್ಕೂ ಬೀಗಗಳು ಬಿದ್ದವು.

ನಬಿಸಾಬರ ಬಂಡಿಯ ನೆರಳಿಗೆ ಸ್ಟೂಲು ಎಳೆದುಕೊಂಡು ಕುಳಿತೆ. ಸೂರ್ಯಕಾಂತನಿಗೆ ಎಚ್ಚರ ತಪ್ಪಿದರೆ ಗಾಜು ಒಡೆಯಲೆಂದು ಮನೆಯಿಂದ ಕಬ್ಬಿಣದ ಕುಟ್ಟಾಣಿ ತಂದಿದ್ದೆ, ಅದು ನನ್ನ ತೊಡೆಯ ಮೇಲಿತ್ತು. ಸೂರ್ಯಕಾಂತ ಗುಬಟ ಎತ್ತಿದರು, ಅದು ಇಳಿಯಿತು. ಮತ್ತೆ ಎತ್ತಿದರು. "ಆಯಿ, ಕೀ ತಿರುವ್ರಿ, ಕೀ!" ಎಂದು ಒಳಗಿನಿಂದ ಕೂಗಿದರು. ನಾನು ಎದ್ದು ಹೋಗಿ ಗಾಜಿಗೆ ಬಾಯಿಟ್ಟು, "ನೀನೇ ಒಳಗ ಏನೇನೋ ಒತ್ತೀದಿ. ವಯಸ್ಸಾತಲ್ಲಪ್ಪ ನಿನಗ" ಎಂದೆ. ಜನ ಸೇರಿದರು. ಒಬ್ಬರು, "ಯಾಕೋ ಮಾವಾ, ಒಳಗ ತಂಪದ ಏನು?" ಎಂದು ಕೇಳಿದರು. ನಬಿಸಾಬ ನನಗೆ, "ಆಯಿ, ಸಾಕು ಬಿಡ್ರಿ, ಮನಷ್ಯಾ ಸಾಯ್ತಾನ" ಎಂದರು. ನೋಡುತ್ತಿದ್ದೇನೆ ಎಂದು ಹೇಳಿದೆ.

ಸೂರ್ಯಕಾಂತ ಮೊದಲು ಪೊಲೀಸರನ್ನು ಕರೆಸುತ್ತೇನೆಂದರು, ಆಮೇಲೆ ಬೈದರು, ಆಮೇಲೆ ಅಂಗಿ ಬಿಚ್ಚಿದರು. ಲಾಕ್ ಹೇಗಿದೆ ಎಂಬುದನ್ನಷ್ಟೇ ಎಲ್ಲರಿಗೂ ಕೇಳುವಂತೆ ಹೇಳು ಎಂದೆ. ಕೊನೆಗೆ ಗಾಜಿಗೆ ಹಣೆ ಹಚ್ಚಿ, "ಲಾಕಿನ ಡಬ್ಬಿ ಹಳೇದು ಹಾಕೀನ್ರಿ! ಬಿಸಿ ಆದ್ರ ಕೆಡ್ತದಂತ ನನಗ ಗೊತ್ತಿತ್ತು! ಆಯಿದು ಏನೂ ತಪ್ಪಿಲ್ಲ!" ಎಂದು ಕೂಗಿದರು. ನನಗೆ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿಸಿದೆ. ನಂತರ ನಾನು ಕೀ ಒತ್ತಿ ಹಿಡಿದು, ನಬಿಸಾಬರಿಂದ ಬಾಗಿಲು ತೆಗೆಸಿದೆ. ಅವರು ಒಳಗಿದ್ದದ್ದು 12 ನಿಮಿಷ. ನನ್ನ ಲೆಕ್ಕದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಸೂರ್ಯಕಾಂತ ನೀರು ಕುಡಿದು ದೂರು ಕೊಡಲು ಠಾಣೆಗೆ ನಡೆದರು. ನಾನೂ ಅವರ ಹಿಂದೆಯೇ ಬಂದೆ. ಠಾಣೆಯ ಫೋನಿನಿಂದ ಸುದ್ದಿ ತಿಳಿದು 3-15ಕ್ಕೆ ಬಂದ ಮಗನು ಪಿ.ಎಸ್.ಐ. ಸಾಹೇಬರಿಗೆ ಕೈಮುಗಿದು, "ನಮ್ಮ ಆಯಿದು ತಲಿ ಸರಿ ಇಲ್ಲರಿ ಸರ್, ಏನು ಮಾಡ್ತಾರಂತ ಅವರಿಗೇ ತಿಳಿಯಂಗಿಲ್ಲ" ಎಂದನು. ಸೂರ್ಯಕಾಂತ ತಕ್ಷಣ, "ಅದೇ ನಾ ಮೊದಲೇ ಹೇಳಿದ್ದರಿ. ಹಂಗ ಬರಕೊಳ್ರಿ, ನಾ ಕಂಪ್ಲೇಂಟ್ ವಾಪಸ್ ತಗೋತೀನಿ" ಎಂದರು. ಸಾಹೇಬರು ನನಗೆ, "ಆಯಿ, ಮಗ ಹೇಳಿದ್ದಕ್ಕ ಹೂಂ ಅಂದ್ರ ಈಗೇ ಮನಿಗಿ ಹೋಗ್ತೀರಿ. ಇಲ್ಲಂದ್ರ ಕೇಸ್ ಆಗ್ತದ, ಕೋರ್ಟಿಗಿ ಅಲೀಬೇಕಾಗ್ತದ" ಎಂದು ತಿಳಿಸಿ ಹೇಳಿದರು.

ನಾನು ಹೂಂ ಅನ್ನಲಿಲ್ಲ. ನನ್ನ ಮೇಲೆ ಕೇಸ್ ದಾಖಲಿಸಬೇಕೆಂದು ಕೋರುತ್ತೇನೆ. ಕೋರ್ಟಿನಲ್ಲಿ ಸೂರ್ಯಕಾಂತ ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ತಾನೇ ಕೂರಿಸಿದ ಬೀಗವನ್ನು ತಾನೇ ಒಳಗಿನಿಂದ ಏಕೆ ತೆಗೆಯಲಿಲ್ಲ ಎಂದು ಅವರನ್ನು ಕೇಳುತ್ತಾರೆ. ಅವರು ಪ್ರಮಾಣ ಮಾಡಿ ಉತ್ತರ ಹೇಳುವಾಗ ನನ್ನ ಮಗ, ಸೊಸೆ, ತುಳಜಾಬಾಯಿ ಮುಂದಿನ ಸಾಲಿನಲ್ಲಿ ಕುಳಿತಿರಬೇಕು. ಶಿಕ್ಷೆಯಾದರೆ ಆಗಲಿ.

ಮುಖ್ಯ ಪೇದೆ ಮಹಾದೇವಪ್ಪನವರು ಈ ಹೇಳಿಕೆಯನ್ನು ಓದಿ ಹೇಳಿದರು, ನಾನೂ ಓದಿಕೊಂಡೆ. ನನ್ನ ಮೇಲಿನ ಕನಿಕರದಿಂದ ಅವರು "ವಯಸ್ಸಿನ ಮರೆವಿನಿಂದ ಬಾಗಿಲು ಹಾಕಿದ್ದು" ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಿಸಿದ್ದೇನೆ. ಬೇಕೆಂದೇ, ಎರಡು ವಾರ ಯೋಚಿಸಿ ಹಾಕಿದ್ದೇನೆ. ಇದಿಷ್ಟೂ ನಿಜ, ನನ್ನ ನೆನಪಿನಿಂದಲೇ ಹೇಳಿದ್ದೇನೆ.

ಸ್ಥಳ: ಕಮಲಾಪುರ
ದಿನಾಂಕ: 26-5-2002, ಸಂಜೆ 5-10
ಸಹಿ: ಸಕ್ಕೂಬಾಯಿ ಅಫಜಲಪುರಕರ