ಅಕ್ಕು ಕೊಡದ ಸಾಲು

ನಗುವವರು ಈಗಲೇ ಎದ್ದು ಮನೆಗೆ ಹೋಗಿ. ಇದು ಕಟ್ಟುಕತೆ ಅಲ್ಲ. ನನ್ನ ಸೋದರಮಾವನ ಮಗ ಕಮಲಾಕ್ಷ ಭಾವನಿಗೆ, ಮಿಜಾರಿನಲ್ಲಿ, ಅರವತ್ತೆರಡನೇ ಇಸವಿಯ ಮೇ ತಿಂಗಳಲ್ಲಿ ಆದದ್ದು.

ಭಾವ ತುಳುವಿನಲ್ಲಿ ಪದ ಕಟ್ಟುತ್ತಿದ್ದ. ಯಾವ ನಾಟಕ ಕಂಪನಿಗೂ ಸೇರಿದವನಲ್ಲ. ತಾನೇ ಕಟ್ಟಿ, ತಾನೇ ಹಾರ್ಮೋನಿಯಂ ಒತ್ತಿ ಹಾಡುವುದು. ಪ್ರತಿ ಪದಕ್ಕೂ ಮೊದಲು, ಅದು ತನಗೆ ಹೇಗೆ ಹುಟ್ಟಿತು ಅಂತ ಒಂದು ಕತೆ ಹೇಳುವುದು. ಜನ ಪದಕ್ಕಿಂತ ಆ ಕತೆಗೇ ಬರುತ್ತಿದ್ದರು. ನನಗಂತೂ ಅವನ ಜಂಬ ಕಂಡರೆ ಮೈ ಉರಿಯುತ್ತಿತ್ತು.

ಅವನಿಗೆ ಹೆಸರು ತಂದದ್ದು ಒಂದು ನೇಜಿ ಪದ, ಗದ್ದೆಯಲ್ಲಿ ಭತ್ತದ ಸಸಿ ನೆಡುವಾಗ ಹೇಳುವಂಥದ್ದು. ಅದು ಅವನದ್ದಲ್ಲ. ಅವರ ಗದ್ದೆಗೆ ನೇಜಿ ನೆಡಲು ಬರುತ್ತಿದ್ದ ಅಕ್ಕುವಿನದ್ದು. ಅವಳು ಹೇಳುವುದು, ಉಳಿದ ಹೆಂಗಸರು ‘ಓ...’ ಅಂತ ಸೊಲ್ಲು ಕೊಡುವುದು. ಅವರಲ್ಲಿ ಒಂದು ಕ್ರಮ ಉಂಟು. ಪದ ಎತ್ತಿದವರೇ ಮುಗಿಸುವ ಸಾಲು ಹೇಳಬೇಕು. ಹೇಳುವ ತನಕ ಸೊಲ್ಲು ಕೊಡುವವರು ಗದ್ದೆ ಬಿಟ್ಟು ಏಳುವ ಹಾಗಿಲ್ಲ, ಕತ್ತಲಾದರೂ.

ಭಾವ ಗದ್ದೆಯ ಅಂಚಿನ ಹುಣಿಯಲ್ಲಿ ಕೊಡೆ ಹಿಡಿದು ಕೂತು ಪದ ಬಾಯಿಪಾಠ ಮಾಡುವುದು ಅಕ್ಕುವಿಗೆ ಗೊತ್ತಾಯಿತು. ಅರ್ಧಕ್ಕೆ ನಿಲ್ಲಿಸಿದಳು.

“ಇದು ನನ್ನ ಅಮ್ಮ ಕಟ್ಟಿದ್ದು, ಧನಿ. ನೀವು ಎದ್ದು ಹೋದ ಮೇಲೆ ಮುಗಿಸ್ತೇನೆ.”

ಅದೇ ಮಳೆಗಾಲ, ಆಟಿ ತಿಂಗಳಲ್ಲಿ, ಜ್ವರ ಬಂದು ಅವಳು ತೀರಿಕೊಂಡಳು. ಮುಗಿಸುವ ಸಾಲು ಭಾವನಿಗೆ ಸಿಗಲೇ ಇಲ್ಲ. ದೀಪಾವಳಿ ಹೊತ್ತಿಗೆ ಮೂಡುಬಿದಿರೆಯ ಸಭೆಯಲ್ಲಿ ಭಾವ ಹೇಳಿದ, “ಒಂದು ರಾತ್ರಿ ಬಾವಿಕಟ್ಟೆಯಲ್ಲಿ ಕೂತಿದ್ದಾಗ ಈ ಪದ ನನಗೆ ಹುಟ್ಟಿತು.” ನಾಚಿಕೆ ಬೇಡವಾ!

ಆ ಮೇ ತಿಂಗಳು ಅದೇ ಮೂಡುಬಿದಿರೆಯಲ್ಲಿ ಹಾಡಿ, ಕಡೇ ಬಸ್ಸು ತಪ್ಪಿ, ನಡೆದು ಬರುತ್ತಿದ್ದ. ಜೊತೆಗೆ ತಬಲಾ ಬಾರಿಸುವ ಅಣ್ಣು, ಪಕ್ಕದ ಮನೆಯವನು. ಅವರದೇ ಗದ್ದೆ ಬದಿಯ ಬಾವಿ ಹತ್ತಿರ ಭಾವ ಸುಮ್ಮನೆ ಆ ಪದದ ಮೊದಲ ಸಾಲು ಗುನುಗಿದ.

ಬಾವಿಯ ಆಚೆಯಿಂದ... ‘ಓ...’

ಅಣ್ಣು ನಿಂತ. “ಕೇಳಿತಾ?”

“ಗೂಬೆ,” ಅಂದ ಭಾವ. ಧೈರ್ಯಕ್ಕೆ ಎರಡನೇ ಸಾಲು ಎಳೆದ.

‘ಓ...’ ಈಗ ಒಬ್ಬಳದ್ದಲ್ಲ, ತುಂಬ ಹೆಂಗಸರದ್ದು. ಹಿಂದೆಯೇ ಇನ್ನೊಂದು ಸದ್ದು. ಚಳಕ್... ಚಳಕ್... ಕೆಸರಿನಿಂದ ಕಾಲು ಕೀಳುವ ಸದ್ದು. ಮೇ ತಿಂಗಳು ಮಾರಾಯ್ರೆ! ಗದ್ದೆ ಒಣಗಿ ಬಿರುಕು ಬಿಟ್ಟಿತ್ತು.

ಭಾವ ಬಾಯಿ ಮುಚ್ಚಿದ. ಸೊಲ್ಲು ಮುಚ್ಚಲಿಲ್ಲ. ಹತ್ತಿರ ಬಂತು.

“ಪದ ಮುಗಿಸು ಮಾರಾಯ,” ಅಣ್ಣು ಪಿಸುಗುಟ್ಟಿದ.

“ಆ ಸಾಲು ನನಗೆ ಬರುವುದಿಲ್ಲ.”

“ಹಾಗಾದರೆ ಪದ ಅಕ್ಕುವಿನದ್ದು ಅಂತ ಹೇಳು. ಅಷ್ಟೇ. ಬಿಡ್ತಾಳೆ.”

“ಊರೆಲ್ಲ ನನ್ನದು ಅಂತ ಹೇಳಿ ಆಗಿದೆ. ಒಂದು ಸಾಲು ಕಟ್ಟಲಿಕ್ಕೆ ನನಗೆ ಗೊತ್ತಿಲ್ವಾ?”

ಅಲ್ಲೇ ನಿಂತು, ಹೊಸ ಸಾಲು ಕಟ್ಟಿ, ಹಾಡಿದ.

ಸದ್ದಿಲ್ಲ... ಜೀರುಂಡೆ ಕೂಡ ಇಲ್ಲ...

ಆಮೇಲೆ ಅವನ ಕಿವಿಯ ಹತ್ತಿರವೇ ಒಂದು ಹೆಣ್ಣು ಸ್ವರ.

“ಇದಲ್ಲ, ಧನಿ.”

ಇಬ್ಬರೂ ಓಡಿದರು. ಭಾವ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಅಣ್ಣು ತನ್ನ ಮನೆಯಲ್ಲಿ ಬೆಳಗಿನ ತನಕ ಕೇಳಿದ. ಒಳಗೆ ಭಾವ ಒಂದೊಂದೇ ಹೊಸ ಸಾಲು ಹಾಡುತ್ತಾನೆ. ಹೊರಗೆ... ಚಳಕ್... ಚಳಕ್... ಅಕ್ಕುವಿನ ಹೆಸರು ಮಾತ್ರ ಅವನು ಹೇಳಲಿಲ್ಲ. ಹಟಮಾರಿ. ಕೋಳಿ ಕೂಗುವಾಗ ಅವನ ಸ್ವರ ನಿಂತಿತು.

ಸುದ್ದಿ ತಿಳಿದು ನಾನು ಹೋದೆ. ಭಾವ ಚಾಪೆಯಲ್ಲಿ ಕೂತು ತುಟಿ ಆಡಿಸುತ್ತಿದ್ದ. ಸ್ವರ ಇಲ್ಲ. ಆಮೇಲೆ ಎಷ್ಟೋ ವರ್ಷ ಬದುಕಿದ, ಒಂದು ಮಾತು ಹೊರಡಲಿಲ್ಲ. ಕಡೆಗೆ ಅವಳ ಹೆಸರು ಹೇಳಬೇಕು ಅಂತ ಅನಿಸಿತ್ತೋ ಏನೋ, ಹೇಳಲಿಕ್ಕೆ ಬಾಯಿಯೇ ಇರಲಿಲ್ಲ.

ಇನ್ನು ಅಂಗಳ. ಸೆಗಣಿ ಸಾರಿಸಿ ಕಲ್ಲಿನ ಹಾಗೆ ಗಟ್ಟಿಯಾದ ಅಂಗಳ. ಅದರ ತುಂಬ, ಹೊಸ್ತಿಲಿನ ತನಕ, ಹಸಿರು ನೇಜಿ ನೆಟ್ಟಿತ್ತು. ಸುಳ್ಳು ಅನ್ನುವವರು ಅಣ್ಣುವನ್ನು ಕೇಳಿ. ಒಂದು ಬುಡ ನಾನೇ, ಈ ಕೈಯಲ್ಲೇ ಕಿತ್ತಿದ್ದೇನೆ. ಬೇರು ಒದ್ದೆ ಇತ್ತು.